ಕಾಳಯ್ಯನ ದೀಪದಂಗಿ

ಗುಂಡಿಯಲ್ಲಿ ಮಲಗಿಸಿದ್ದ ಗಂಡ ಕಾಳಯ್ಯನ ಎದೆಯ ಮೇಲಿಡಲೆಂದು ವಿಜಯಮ್ಮ ಅಂಗಿಯನ್ನು ಮಡಚುತ್ತಿದ್ದಾಗ, ಬೆರಳು ತಾಗಿ ಅದರ ಎಡಭುಜದ ಕೆಂಪು ದೀಪ ಹತ್ತಿಕೊಂಡಿತು. ಗುದ್ದಲಿ ಹಿಡಿದು ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು.

"ಅದ್ನ ಮಣ್ಣಿಗಾಕ್ಬ್ಯಾಡ ಕಣವ್ವ," ಮಗಳು ನೇತ್ರಾವತಿ ಕೈ ಹಿಡಿದಳು. "ಆಚೆ ದಡದೋರು ಈವತ್ತೇ ವಾಪಸ್ ಓಗ್ಬೇಕು. ಕತ್ಲಾಯ್ತದೆ. ಅರಿಗೋಲು ನಾನೇ ನಡುಸ್ತೀನಿ."

"ನಿಮ್ಮಪ್ಪನ ಅಂಗಿ ಅವ್ರ ಜೊತೇಲೇ ಓಗ್ಲಿ. ಕತ್ಲಲ್ಲಿ ನಿನ್ನ ಆ ನೀರಿಗೆ ಕಳ್ಸಾಕಿಲ್ಲ."

ಹಿನ್ನೀರಿನ ಆಚೆಯಿಂದ ಮಣ್ಣಿಗೆ ಬಂದಿದ್ದ ಚನ್ನಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಅವನ ಊರಲ್ಲಿ ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಬ್ಯಾರನ್ನಿನ ಒಲೆ ಉರಿಯುತ್ತಿತ್ತು. ರಾತ್ರಿ ಸೌದೆ ತಪ್ಪಿದರೆ ವರ್ಷದ ಬೆಳೆಯೇ ಹಾಳು. ಮಲ್ಲಿಪಟ್ಟಣದ ಮೇಲೆ ಸುತ್ತಿ ಹೋಗಲು ಆ ಹೊತ್ತಿಗೆ ಬಸ್ಸೂ ಇರಲಿಲ್ಲ.

"ಬ್ಯಾಡ ಬುಡವ್ವ, ಇಲ್ಲೇ ಮನಿಕ್ಕತೀವಿ," ಎಂದ. ಹಾಗೆನ್ನುತ್ತಲೇ ನೀರಿನ ಕಡೆ ನೋಡಿದ.

*

ಎಂಟು ವರ್ಷದ ಹಿಂದೆ ಇದೇ ಚನ್ನಪ್ಪ ಕೂತಿದ್ದ ಹರಿಗೋಲಿಗೆ ಕಾಳಯ್ಯನ ಹರಿಗೋಲು ಕತ್ತಲಲ್ಲಿ ಡಿಕ್ಕಿ ಹೊಡೆದಿತ್ತು. ಎರಡರಲ್ಲೂ ದೀಪವಿರಲಿಲ್ಲ. ಮುಳುಗುತ್ತಿದ್ದ ಚನ್ನಪ್ಪನನ್ನು ಕೂದಲು ಹಿಡಿದು ದಡಕ್ಕೆ ಎಳೆದು ತಂದವನು ಕಾಳಯ್ಯನೇ.

ಆಮೇಲೆ ಮೀನುಗಾರರಿಗೊಂದು ತರಬೇತಿ ನಡೆಯಿತು. ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ ದೀಪ ಇರಬೇಕೆಂದರು. ಕಾಳಯ್ಯ ಸುಮ್ಮನೆ ಕೂರುವ ಆಸಾಮಿಯಲ್ಲ.

"ಸಾ, ನಮ್ದು ಅರಿಗೋಲು, ಬುಟ್ಟಿಯಂಗೆ ದುಂಡಗದೆ. ಅದುಕ್ಕೆ ಎಡ ಯಾವ್ದು, ಬಲ ಯಾವ್ದು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬಂದವನು ಸೈಕಲ್ಲಿನ ಮೂರು ದೀಪ ತಂದು ಹೆಂಡತಿಯ ಮಡಿಲಿಗೆ ಹಾಕಿದ.

"ಅರಿಗೋಲಿಗಿಲ್ದಿದ್ರೆ ಓಗ್ಲಿ, ನಂಗೈತಲ್ಲ ಎಡ ಬಲ! ಅಂಗೀಗೆ ಒಲ್ದುಬುಡು. ಬಿಳೀದು ಬೆನ್ನಿಗೆ. ದಡದಲ್ಲಿ ನಿಂತ್ಕೊಂಡಾಗ ಕೆಂಪು ಅಸ್ರು ಎಲ್ಡೂ ಒಟ್ಗೇ ಕಂಡ್ರೆ, ನಾನು ನಿನ್ ಕಡೀಕೇ ಬತ್ತಾ ಇವ್ನಿ ಅಂತ ತಿಳ್ಕೋ."

ನೀರಿನಲ್ಲಿ ಕೂದಲೂ ಕೊಂಕದ ಮನುಷ್ಯ, ಕೊನೆಗೆ ಮನೆಯ ಜಗುಲಿಯ ಮೇಲೆ ಎದೆನೋವು ಬಂದು ಹೋಗಿಬಿಟ್ಟ.

*

"ಸಿಗ್ನಲ್ ಕಾಳಯ್ಯ ಅಂತ ಮೊದ್ಲು ನಗಾಡ್ದೋನೇ ನಾನು," ಎಂದ ಚನ್ನಪ್ಪ. "ಆ ಅಂಗಿ ಬಂದ್ಮ್ಯಾಕೆ ಈ ನೀರಲ್ಲಿ ಒಂದ್ ಡಿಕ್ಕೀನೂ ಆಗ್ಲಿಲ್ಲ ಕಣವ್ವ."

ವಿಜಯಮ್ಮ ಗಂಡನಿಗೆ ಒಂದು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಂಡು, ಅಂಗಿಯನ್ನು ಬಿಡಿಸಿ ತಾನೇ ಮಗಳಿಗೆ ತೊಡಿಸಿದಳು. ತೋಳು ಉದ್ದವಾಯಿತು, ಎರಡು ಮಡಿಕೆ ಮಡಚಿ ಗುಂಡಿ ಹಾಕಿದಳು.

"ಉಷಾರು ಕಣ್ ಮಗ," ಎನ್ನುವಷ್ಟರಲ್ಲಿ ಅಳು ಬಂತು.

ಹರಿಗೋಲು ಹೊರಟಾಗ ಹೊತ್ತು ಮುಳುಗಿತ್ತು. ದಡದ ಕಲ್ಲಿನ ಮೇಲೆ ಕೂತ ವಿಜಯಮ್ಮನಿಗೆ ಮಗಳ ಬೆನ್ನಿನ ಬಿಳಿ ದೀಪವೊಂದೇ ಕಾಣುತ್ತಿತ್ತು. ಅದು ಸಾಸಿವೆಯಷ್ಟಾಗಿ, ಆಚೆ ದಡದ ಹತ್ತಿರ ಮಾಯವಾಯಿತು. ಅವಳು ಎದ್ದು ನಿಂತಳು. ಕಾಲಿಗೆ ನೀರು ತಾಗಿದ್ದೂ ಗೊತ್ತಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಹಸಿರು ದೀಪವೊಂದು ಕಂಡಿತು. ಆಮೇಲೆ ಅದರ ಪಕ್ಕದಲ್ಲೇ ಕೆಂಪು. ಎರಡೂ ಒಟ್ಟಿಗೆ ದೊಡ್ಡದಾಗುತ್ತಾ ಬಂದವು.