ಒಡೆಯದ ಚುಕ್ಕೆ

ಪರದೆಯ ಮೇಲಿನ ಚುಕ್ಕೆ ಮಂಕಾಯಿತು, ಮಂಕಾಯಿತು, ಒಡೆಯಲಿಲ್ಲ — ಕಣ್ಣುಜ್ಜಿಕೊಂಡೆ, ಎಸಿಯ ಚಳಿಗೆ ಬೆರಳು ಮರಗಟ್ಟಿವೆ, ಸೀಸದ ಗೋಡೆಯಾಚೆ ನನಗೆ ವಿದ್ಯೆ ಕಲಿಸಿದ ಮೇಷ್ಟ್ರು ಬೆಳೆಸಿದ ಕೊನೆಯ ಹರಳು, ಎಳ್ಳಿನಷ್ಟು, ಮೊದಲು ಲೇಸರ್ ಅದನ್ನು ಬಡಿಯುತ್ತದೆ, ಬೆನ್ನಿಗೇ ಎಕ್ಸ್-ರೇ, ರೆಪ್ಪೆ ಬಡಿಯುವಷ್ಟು ಹೊತ್ತು ಇಲ್ಲಿ ಒಂದು ಯುಗ, ಪರಮಾಣುಗಳು ಜಾಗ ಬದಲಿಸುತ್ತಿರುವಾಗಲೇ ಸಿಕ್ಕಿಬೀಳುತ್ತವೆ, ಅವುಗಳ ಸಾಲು ಕದಲಿದರೆ ಇಲ್ಲಿ ಚುಕ್ಕೆ ಕದಲುತ್ತದೆ. ಹರಳು ಒಂದು ರೂಪದಿಂದ ಇನ್ನೊಂದಕ್ಕೆ ಸೀದಾ ಹೋಗಲ್ಲ ಕಣಮ್ಮ, ಮೇಷ್ಟ್ರ ಒಂದೇ ಹಟ, ನಡುವೆ ಒಂಚೂರು ನಿಲ್ಲುತ್ತೆ, ಆಗ ಚುಕ್ಕೆ ಎರಡಾಗುತ್ತೆ, ಅದನ್ನ ಹಿಡಿಯೋ ಯಂತ್ರ ಇನ್ನೂ ಹುಟ್ಟಿಲ್ಲ ಅಷ್ಟೆ — ಸಭೆಗಳಲ್ಲಿ ಜನ ಮುಸಿಮುಸಿ ನಕ್ಕರು, ಬಡ್ತಿ ತಪ್ಪಿತು, ಅವರು ಕುಲುಮೆಯ ಮುಂದೆ ಕೆಮ್ಮುತ್ತ ಹರಳು ಬೆಳೆಸುತ್ತಲೇ ಇದ್ದರು, ಯಂತ್ರ ಹುಟ್ಟಿತು, ಅವರು ಹೋದರು. ಮಣ್ಣು ಮಾಡಿ ಬಂದ ಸಂಜೆ ಅವರ ಹೆಂಡತಿ ನನ್ನ ಕೈಗೆ ಪುಟ್ಟ ಡಬ್ಬಿ ಇಟ್ಟರು, ಹತ್ತಿಯ ನಡುವೆ ಈ ಹರಳು, ನನ್ನ ಸವತೀನ ಇನ್ಮೇಲೆ ನೀನೇ ಸಾಕ್ಕೋ ಮಗಳೇ, ಎಂದು ನಗಲು ಹೋದರು, ನಗು ಅರ್ಧಕ್ಕೇ ಹರಿಯಿತು.

ಲೇಸರಿಗೂ ಎಕ್ಸ್-ರೇಗೂ ನಡುವಿನ ಅಂತರ ಇನ್ನೂ ಚಿಕ್ಕದು ಮಾಡ್ಲಾ ಮೇಡಂ, ಪಕ್ಕದಲ್ಲಿ ಲೇಸರಿನವನು, ಹರಳು ಬಿರುಕು ಬಿಡ್ತಿದೆ, ಜಾಸ್ತಿ ತಡ್ಕೊಳ್ಳಲ್ಲ. ಮಾಡಿ, ಎಂದೆ, ಇಷ್ಟು ಸೂಕ್ಷ್ಮವಾಗಿ ಇದುವರೆಗೆ ಯಾರೂ ನೋಡಿಲ್ಲ, ಈಗ ನಿಲ್ಲಬೇಕು, ನಿಲ್ಲು, ನಿಲ್ಲೇ ತಾಯಿ — ಚುಕ್ಕೆ ಮಂಕಾಯಿತು, ಜಾರಿತು, ಹೊಸ ಜಾಗದಲ್ಲಿ ಬೆಳಗಿತು, ಇಡಿಯಾಗಿ, ನಡುವೆ ಎಲ್ಲೂ ನಿಲ್ಲದೆ. ನಕ್ಕವರೇ ಸರಿ. ಮತ್ತೊಮ್ಮೆ ಹೊಡೆಸಿದೆ, ಅದೇ, ಮತ್ತೊಮ್ಮೆ, ಪರದೆ ಕಪ್ಪಾಯಿತು, ಹೋಯ್ತು ಮೇಡಂ, ಪುಡಿಪುಡಿ.

ಕಾರಿಡಾರಿನ ಮಧ್ಯಾಹ್ನದ ಬಿಸಿಲು ಕಣ್ಣು ಚುಚ್ಚುತ್ತದೆ, ಫೋನು ಹೊಡೆದುಕೊಳ್ಳುತ್ತದೆ, ಮೇಷ್ಟ್ರ ಹೆಂಡತಿಯದೇ, ಬೆಳಗಿನಿಂದ ಕಾದು ಕೂತಿದ್ದಾರೆ, ಎರಡಾಯ್ತಾ ಮಗಳೇ? ನಾಲಿಗೆ ತುದಿಗೆ ಸುಳ್ಳು ಬಂತು, ಸಿಹಿಯಾದದ್ದೇ ಬಂತು, ಮೇಷ್ಟ್ರು ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು, ನುಂಗಿಕೊಂಡೆ, ಇಲ್ಲಮ್ಮಾ, ಆಗಲಿಲ್ಲ. ಸರಿಯಾಗಿ ನೋಡಿದ್ಯಾ? ನೋಡಿದೆನಮ್ಮಾ, ಹರಳು ಪುಡಿಯಾಗೋವರೆಗೂ ನೋಡಿದೆ. ಆ ಕಡೆ ಕುರ್ಚಿ ಎಳೆದ ಸದ್ದು, ಆಮೇಲೆ ದನಿ ತಗ್ಗಿಸಿ, ಒಳಕೋಣೆಯಲ್ಲಿ ಮೇಷ್ಟ್ರು ಕೇಳಿಸಿಕೊಂಡುಬಿಡುತ್ತಾರೆ ಎಂಬಂತೆ, ಈಗ ಅವ್ರಿಗೆ ಹೇಗೆ ಹೇಳೋದೇ — ಕಣ್ಣು ಮುಚ್ಚಿದೆ, ಮುಚ್ಚಿದ ರೆಪ್ಪೆಯೊಳಗೂ ಚುಕ್ಕೆ, ಮಂಕಾಗುತ್ತದೆ, ಜಾರುತ್ತದೆ, ಬೆಳಗುತ್ತದೆ, ಒಂದೇ, ಒಂದೇ