ಹೆಂಡತಿಯ ದಾರದಲ್ಲಿ ಹೊಲಿದ ಚೀಲ

"ಕೊಳೆತಿತ್ತಂತೆ! ಅಕ್ರಾದಲ್ಲಿ ಕೊಳೆತದ್ದನ್ನ ಇಲ್ಲಿಂದ ನೋಡಿದವರು ಯಾರು?" ಗಾಂಬೊ ದಬ್ಬಣವನ್ನು ನೆಲಕ್ಕೆ ಚುಚ್ಚಿದ.

ನೈಜರ್ ದೇಶದ ಒಂದು ಕಣಿವೆಯಲ್ಲಿ ಎಲ್ಲರದೂ ಈರುಳ್ಳಿ ಬೆಳೆ. ಊರಿನ ವ್ಯಾಪಾರಿ ತಂಕೊ ಅದನ್ನು ಲಾರಿಗೆ ಹೇರಿ ಗಡಿ ದಾಟಿಸುತ್ತಾನೆ. ದೂರದ ಅಕ್ರಾ ನಗರದಲ್ಲಿ ಮಂಡಿ ಯಜಮಾನ ಅಲ್ಹಾಜಿ ಇಳಿಸಿಕೊಂಡು ಮಾರುತ್ತಾನೆ. ಕಾಗದವಿಲ್ಲ, ಸಹಿಯಿಲ್ಲ. ಚೀಲ ಯಾರದೆಂದು ಹೇಳುವುದು ಅದರ ಬಾಯಿ ಹೊಲಿದ ದಾರದ ಬಣ್ಣ. ಗಾಂಬೊನದು ಕೆಂಪು. ಅವನ ಹೆಂಡತಿ ಡೆಲು ತನ್ನ ಪಾಲಿನ ತುಂಡು ಹೊಲದಲ್ಲಿ ಬೆಳೆದದ್ದಕ್ಕೆ ನೀಲಿ.

ಕೆಂಪು ದಾರದ ಮಾಲು ಕೊಳೆತಿತ್ತು ಎಂದು ಅಲ್ಹಾಜಿ ಹೇಳಿಕಳಿಸಿದ್ದ.

"ಕೀಳೋ ಹಿಂದಿನ ದಿನ ನೀರು ಹಾಯಿಸ್ತೀರಿ, ಕೊಳೀದೆ ಇರುತ್ತಾ?" ಎಂದಳು ಡೆಲು, ಸಜ್ಜೆಯ ಫುರಾ ಉಂಡೆಯನ್ನು ಹಾಲಿನಲ್ಲಿ ಕಿವುಚುತ್ತ.

"ನೀರು ಕೊಟ್ರೆ ಗಡ್ಡೆ ಉಬ್ಬುತ್ತೆ, ಚೀಲ ಬೇಗ ತುಂಬುತ್ತೆ. ವ್ಯಾಪಾರಿಗಳು ಒಂದೇ ಚೀಲಕ್ಕೆ ತುಳಿದು ತುಳಿದು ಜಾಸ್ತಿ ತುಂಬಿಸ್ಕೊಳ್ಳಲ್ವಾ? ಆ ತಂಕೊ ನಿನ್ನ ತವರಿನ ಕಡೆಯವನು. ಅದಕ್ಕೇ ನಿನ್ನ ನೀಲಿ ಚಿನ್ನ, ನನ್ನ ಕೆಂಪು ಕಸ!"

"ಹಾಗಾದ್ರೆ ಅವನನ್ನೇ ಎದುರಿಗೆ ಕೂರಿಸ್ಕೊಂಡು ಕೇಳಿ."

ಗಾಂಬೊ ಕೇಳಲಿಲ್ಲ. ಕಳ್ಳರನ್ನು ತಾನೇ ಹಿಡಿಯುತ್ತೇನೆಂದು ಹೊರಟ. ಇಬ್ಬರ ಚೀಲವನ್ನೂ ಹೊಲಿಯುವವನು ಅವನೇ. ಆ ಸಲ ತನ್ನ ಮಾಲಿಗೆ ನೀಲಿ ದಾರ ಹಾಕಿದ, ಹೆಂಡತಿಯ ಮಾಲಿಗೆ ಕೆಂಪು. ರಾತ್ರಿಯೇ ಹೊಲಿದು ಲಾರಿಗೆ ಹೇರಿಸಿದ್ದರಿಂದ ಡೆಲುವಿಗೆ ಗೊತ್ತಾಗಲಿಲ್ಲ. 'ಈಗಲೂ ಕೆಂಪೇ ಕೊಳೆತಿದೆ ಅನ್ನಲಿ, ಕೊರಳಪಟ್ಟಿ ಹಿಡೀತೀನಿ' ಎಂದುಕೊಂಡ.

ಮುಂದಿನ ಲಾರಿಯ ಹೊತ್ತಿಗೆ ಡೆಲು ಉಳಿದ ಈರುಳ್ಳಿಯನ್ನು ತುಂಬಿಸಿ ರಸ್ತೆಗೆ ತಂದಿದ್ದಳು. ಪಕ್ಕದಲ್ಲೇ ಗಾಂಬೊನ ಚೀಲಗಳಿದ್ದವು; ಈ ಸಲ ಅವನು ಅವರವರ ಬಣ್ಣದ ದಾರವನ್ನೇ ಹಾಕಿದ್ದ. ತಂಕೊ ತಲೆ ತಗ್ಗಿಸಿ ಬಂದ.

"ಡೆಲಕ್ಕ, ನಿನ್ನ ಮಾಲು ಹೇರೋ ಹಾಗಿಲ್ಲ. ಹೋದ ಲಾರೀಲಿ ನೀಲಿ ಚೀಲದಿಂದ ನೀರು ಸೋರಿ ಪಕ್ಕದವೂ ಹಾಳಾದ್ವಂತೆ. ಇನ್ನು ನೀಲಿ ಬೇಡ ಅಂದಿದ್ದಾರೆ ಅಲ್ಹಾಜಿ."

"ಕೆಂಪು ಹೇಗಿತ್ತು?" ಗಾಂಬೊ ಮುಂದೆ ಬಂದು ಕೇಳಿದ.

"ಕೆಂಪಾ? ಈ ಸಲ ಮೊದಲ ದರ್ಜೆ, ಭಾವ. ಸಿಪ್ಪೆ ಗರಗರ ಅಂತಿತ್ತಂತೆ. ಅಂತೂ ಬುದ್ಧಿ ಬಂತಲ್ಲ ನಿಂಗೆ!"

ಡೆಲು ತಂಕೊನ ಮೇಲೆ ಏರಿಹೋದಳು. "ನೀನೂ ಕಳ್ಳ, ನಿನ್ನ ಅಲ್ಹಾಜಿನೂ ಕಳ್ಳ! ನನ್ನ ಈರುಳ್ಳಿ ಕೊಳೀತಾ? ಇವರು ಹೇಳ್ತಿದ್ದದ್ದು ನಿಜಾನೇ!"

ಗಾಂಬೊ ಬಾಯಿ ಮುಚ್ಚಿಕೊಂಡಿದ್ದರೆ ಅವನ ಮಾತೇ ಗೆಲ್ಲುತ್ತಿತ್ತು. ಆದರೆ ಹೆಂಡತಿಯ ಮಾಲು ರಸ್ತೆಯಲ್ಲೇ ಉಳಿಯುತ್ತಿತ್ತು.

"ದಾರ ಬದಲಾಯಿಸಿದ್ದು ನಾನು," ಎಂದ.

ಹಮಾಲರು ಕೈಯ ಕೆಲಸ ನಿಲ್ಲಿಸಿದರು. ಡೆಲು ಗಂಡನನ್ನೇ ನೋಡಿದಳು. "ನನಗೆ ಹೇಳಿ ಏನು ಪ್ರಯೋಜನ? ಅಲ್ಹಾಜಿಗೆ ಹೇಳಿ. ಎಲ್ಲರೂ ಕೇಳೋ ಹಾಗೆ ಹೇಳಿ."

ತಂಕೊ ಫೋನ್ ಹಚ್ಚಿದ. ಗಾಂಬೊ ತೊದಲುತ್ತ ಎಲ್ಲ ಹೇಳಿದ.

"ಹೆಂಡತೀನ ಉಳಿಸೋಕೆ ಕಥೆ ಕಟ್ತಿದ್ದೀಯಾ? ನಾನು ಹೇಗಪ್ಪಾ ನಂಬಲಿ?" ಎಂದಿತು ಫೋನಿನೊಳಗಿನ ದನಿ.

ತಂಕೊ ಡೆಲುವಿನ ಒಂದೊಂದೇ ಚೀಲ ಬಿಚ್ಚಿದ. ಹೆಗಲ ತನಕ ಕೈ ಇಳಿಸಿ ತಳದ ಗಡ್ಡೆ ತೆಗೆದು, ಎಲೆ ಹೊರಡುವ ಅದರ ಕತ್ತನ್ನು ಹಿಸುಕಿ ನೋಡಿದ. "ಎಲ್ಲದರ ಕತ್ತೂ ಒಣಗಿದೆ, ಅಲ್ಹಾಜಿ, ಕೊಳೆಯೋ ಮಾಲಲ್ಲ. ಇದಕ್ಕೆ ನಾನು ಹೊಣೆ."

ಅಲ್ಹಾಜಿ ಒಪ್ಪಿದ. "ನೀನು ಹೊಣೆ ಅಂದ್ರೆ ಹೇರು."

ನೀಲಿ ಚೀಲಗಳು ಲಾರಿ ಹತ್ತಿದವು. ಗಾಂಬೊ ತನ್ನ ಹಸಿ ಈರುಳ್ಳಿಯನ್ನು ಮನೆಗೆ ಹೊತ್ತು ತಂದು ಚಪ್ಪರದಡಿ ಹರಡಿದ. ಡೆಲು ಎದುರಿಗೆ ನಿಂತು, ಒಣಗಿದೆಯೇ ಎಂದು ಗಡ್ಡೆಯ ಕತ್ತು ಹಿಸುಕಿ ನೋಡುವುದನ್ನು ಕಲಿಸಿದಳು. ಅಂದಿನಿಂದ ತನ್ನ ಚೀಲವನ್ನು ತಾನೇ ಹೊಲಿದುಕೊಳ್ಳುತ್ತಾಳೆ.

ಈರುಳ್ಳಿ ಬೆಳೆಯುವವರೇ, ನಿಮಗೇ ಹೇಳುತ್ತಿರುವುದು. ವ್ಯಾಪಾರಿಯ ಮೇಲೆ ಅನುಮಾನ ಬಂದರೆ ತಪ್ಪಲ್ಲ. ಮುಖಕ್ಕೇ ಕೇಳಿ, ಮಂಡಿಗೆ ಫೋನ್ ಮಾಡಿ, ಎದುರಿಗೇ ಚೀಲ ಬಿಚ್ಚಿಸಿ. ಕಳ್ಳಾಟ ಆಡಿ ಮನೆಯವರ ಹೆಸರು ಕೆಡಿಸಬೇಡಿ. ಕಿತ್ತದ್ದನ್ನು ನೆರಳಲ್ಲಿ ಗಾಳಿಗೆ ಒಣಗಿಸಿಯೇ ತುಂಬಿ. ಎಲೆ ಬಾಗಿ ಗಡ್ಡೆ ಬಲಿತ ಮಡಿಗೆ ಇನ್ನೂ ನೀರು ಹರಿಯುತ್ತಿದೆಯೇ? ಇದನ್ನು ಓದುವುದು ಸಾಕು, ಎದ್ದು ಹೋಗಿ ನೀರು ನಿಲ್ಲಿಸಿ ಬನ್ನಿ.