ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ

ಬೆಳಿಗ್ಗೆ ಏಳಕ್ಕೇ ಚೌಡೇಶನ ಫೋನು ಬಡಿದುಕೊಂಡಿತು. ಹೆಸರು ನೋಡಿದ ಕೂಡಲೇ ಅವನ ಮೈ ಉರಿಯಿತು. ಆ ವಾರದಲ್ಲಿ ಇದು ಮೂರನೆಯ ಸಲ.

"ಲೇ ಚೌಡಾ, ಗಾಡಿ ಸ್ಟಾರ್ಟ್ ಆಗ್ತಿಲ್ಲ ಕಣೋ. ನನ್ನಿವಾಳದಾಗೆ ನಿಂತೀವಿ. ಬೇಗ ಬಾ."

ಫೋನು ಮಾಡಿದ್ದು ಅವನ ಸೋದರಮಾವ ರಂಗಯ್ಯ, ಮೊಳಕಾಲ್ಮುರಿನ ನೇಕಾರ. ನೇಯ್ದ ರೇಷ್ಮೆ ಸೀರೆಗಳನ್ನು ಹಳೆಯ ವ್ಯಾನಿಗೆ ತುಂಬಿಕೊಂಡು, ಹೆಂಡತಿ ಎರ್ರಮ್ಮನ ಜೊತೆ ಊರೂರು ಸುತ್ತಿ ಮಾರುವವನು. ಹೊರಟರೆ ಹದಿನೈದು ದಿನ ವ್ಯಾನೇ ಮನೆ. ಹೊರಗೆ ಮೂರು ಕಲ್ಲಿಟ್ಟು ಅಡುಗೆ, ಒಳಗೆ ಸೀರೆ ಗಂಟುಗಳ ಪಕ್ಕ ನಿದ್ದೆ.

ಚೌಡೇಶ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಚಳ್ಳಕೆರೆಯ ಆಟೋ ಎಲೆಕ್ಟ್ರಿಕಲ್ ಅಂಗಡಿ ಸೇರಿದ ಹುಡುಗ. ಪುಸ್ತಕ ತಲೆಗೆ ಹತ್ತದಿದ್ದರೂ ವೈರಿನ ಕೆಲಸ ಕೈಗೆ ಹತ್ತಿತ್ತು. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ. ಬೈಕು ಹತ್ತಿ ನನ್ನಿವಾಳಕ್ಕೆ ಬಂದವನು ಹೆಲ್ಮೆಟ್ ತೆಗೆಯುವ ಮೊದಲೇ ಶುರು ಮಾಡಿದ.

"ನಿನ್ನೆ ಏನೇನ್ ಹಾಕಿದ್ರಿ ಮಾವ?"

"ಏನಿಲ್ಲಪ್ಪ. ಒಂದು ಲೈಟು, ಒಂದು ಫ್ಯಾನು. ಫೋನು ಚಾರ್ಜಿಗಿತ್ತು."

"ಎಲ್ಲಾ ಇಂಜಿನ್ ಬ್ಯಾಟ್ರಿಗೇನಾ?"

"ಮತ್ತೆ? ನಿನ್ ತಲೆಗೆ ಹಾಕ್ಬೇಕಿತ್ತಾ?"

"ಆ ಬ್ಯಾಟ್ರಿ ಇರೋದು ಗಾಡಿ ಎಬ್ಸೋಕೆ, ನಿಮ್ಮನ್ನ ಮಲಗ್ಸೋಕಲ್ಲ! ಇಡೀ ರಾತ್ರಿ ಹಿಂಡಿದ್ರೆ ಬೆಳಿಗ್ಗೆ ಅದು ಏಳುತ್ತೇನ್ರಿ?"

ಒಳಗಿಂದ ಎರ್ರಮ್ಮ ಒಂದು ಸೀರೆ ಹಿಡಿದುಕೊಂಡು ಇಳಿದಳು. "ಅದು ಇರ್ಲಿ. ಬ್ಯಾಟ್ರಿ ಕೂತ್ಮೇಲೆ ನಿಮ್ಮಾವ ಏನ್ ಮಾಡಿದ್ರು ನೋಡು."

ಮಾವಿನಕಾಯಿ ಬಣ್ಣದ ಸೀರೆ. ಅಂಚಿನಲ್ಲಿ ರೂಪಾಯಿ ಅಗಲದ ತೂತು, ಸುತ್ತ ಕರಿ. ರಂಗಯ್ಯ ಮೇಣದಬತ್ತಿ ಹಚ್ಚಿಟ್ಟಿದ್ದ. ಅದು ವಾಲಿತ್ತು.

"ಸೀರೆ ಹೋದ್ರೆ ಇನ್ನೊಂದು ನೇಯ್ಬೋದು. ಮಲಗಿದ್ದೋರಿಗೆ ಹತ್ತಿದ್ರೆ? ಇನ್ನೊಂದ್ ಸಲ ಈ ಗಾಡಿಯೊಳಗೆ ಕಡ್ಡಿ ಗೀರಿದ್ರೆ ನಾನು ಬಸ್ ಹತ್ತಿ ಊರಿಗೆ ಹೋಗೋಳೇ. ಆಮೇಲೆ ನೀವೇ ಸೀರೆ ಉಟ್ಕೊಂಡು ತೋರ್ಸಿ, ನೀವೇ ಮಾರ್ಕೊಳ್ಳಿ."

ರಂಗಯ್ಯ ಮೀಸೆ ತಿರುವಿಕೊಂಡ. ಎರ್ರಮ್ಮ ಸೆರಗು ಹೆಗಲಿಗೆ ಹಾಕಿ ತೋರಿಸಿದರಷ್ಟೇ ಹೆಂಗಸರು ಕೊಳ್ಳುವುದು. ಅವಳು ಹೋದರೆ ಅವತ್ತಿಗೆ ವ್ಯಾಪಾರ ಮುಗಿಯಿತು, ಅದು ಅವನಿಗೆ ಚೆನ್ನಾಗಿ ಗೊತ್ತು.

"ಸೋಲಾರ್ ಹಾಕ್ಸಿ ಮಾವ," ಎಂದ ಚೌಡೇಶ.

"ಸೋಲಾರಾ? ಅದೆಲ್ಲ ಲಕ್ಷಗಟ್ಲೆ ಬಾಳೋದು. ದೊಡ್ಡೋರ ಮನೆ ಮೇಲಿರೋದು."

"ಯಾರ್ರೀ ಹೇಳಿದ್ದು? ನೂರು ವ್ಯಾಟಿನ ಒಂದು ಪ್ಯಾನೆಲ್ಲು. ಬ್ಯಾಟ್ರಿ ಜಾಸ್ತಿ ತುಂಬ್ದಂಗೆ ಕಾಯೋಕೆ ಒಂದು ಚಾರ್ಜ್ ಕಂಟ್ರೋಲರ್ರು. ಇಂಜಿನ್‌ದಲ್ಲ, ಮನೆಗೇ ಅಂತ ಬೇರೆ ಒಂದು ಹನ್ನೆರಡು ವೋಲ್ಟಿನ ಬ್ಯಾಟ್ರಿ. ಅದೇ ವೋಲ್ಟಿನ ಎರಡು ಎಲ್‌ಇಡಿ ಬಲ್ಬು, ಒಂದು ಸಣ್ಣ ಫ್ಯಾನು. ಎಲ್ಲಾ ಸೇರಿ ಹನ್ನೆರಡು, ಹದಿಮೂರು ಸಾವಿರ ಆಗ್ಬೋದು."

"ಇಸ್ತ್ರಿ ಪೆಟ್ಟಿಗೆ ಓಡುತ್ತಾ?"

"ಓಡಲ್ಲ."

"ಮಿಕ್ಸಿ?"

"ಅದೂ ಓಡಲ್ಲ ಮಾವ!"

"ಮತ್ತೆ ಯಾತಕ್ಕೋ ಅದು?"

"ನಾನು ಸುಟ್ಟು ಹೋಗ್ದೆ ಇರೋಕೆ," ಎಂದಳು ಎರ್ರಮ್ಮ. ಅಲ್ಲಿಗೆ ತೀರ್ಮಾನವಾಯಿತು. ಚೌಡೇಶ ಗಾಡಿ ತಳ್ಳಿಸಿ ಸ್ಟಾರ್ಟ್ ಮಾಡಿ ಚಳ್ಳಕೆರೆಗೆ ಕಳಿಸಿದ.

ಮರುದಿನ ಚೌಡೇಶ ಅಂಗಡಿಯ ಮುಂದೆಯೇ ಎಲ್ಲ ಕೂರಿಸಿದ. ಪ್ಯಾನೆಲ್ಲನ್ನು ವ್ಯಾನಿನ ಮೇಲೆ ಬೋಲ್ಟು ಹಾಕಿ ಬಿಗಿದ. ಬ್ಯಾಟರಿಯನ್ನು ಹಿಂಬಾಗಿಲ ಹತ್ತಿರ, ಗಾಳಿಯಾಡುವ ಕಡೆ, ಅಲುಗಾಡದಂತೆ ಬೆಲ್ಟಿನಿಂದ ಕಟ್ಟಿದ. ಅದರ ಪ್ಲಸ್ ತಂತಿಗೆ, ಬ್ಯಾಟರಿಯ ಬುಡದಲ್ಲೇ ಫ್ಯೂಸು ಹಾಕಿದ. ಕಂಟ್ರೋಲರಿಗೆ ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್ ಜೋಡಿಸಿದ. ಹಿಂದುಮುಂದಾದರೆ ಕಂಟ್ರೋಲರ್ ಕೆಡಬಹುದು. ಬಲ್ಬು ಹತ್ತಿತು. ರಂಗಯ್ಯ ಹಲ್ಲು ಕಿರಿದ. ಚೌಡೇಶನಿಗೆ ಇನ್ನಾದರೂ ನೆಮ್ಮದಿಯಿಂದ ಬೆಳಗಿನ ಟೀ ಕುಡಿಯಬಹುದು ಅನಿಸಿತು.

ನಾಲ್ಕನೇ ದಿನ ಬೆಳಿಗ್ಗೆ ಮತ್ತೆ ಫೋನು.

"ಲೇ, ನಿನ್ ಸೋಲಾರ್ ಸತ್ತೋಯ್ತು. ಸಿದ್ದಾಪುರದಾಗೆ ಇದೀವಿ. ಕಡ್ಡಿಪೆಟ್ಟಿಗೆ ಮುಟ್ಟಿದ್ದಕ್ಕೇ ನಿಮ್ಮತ್ತೆ ಬ್ಯಾಗು ಕಟ್ಕೊಂಡು ಕೂತವ್ಳೆ!"

ದಾರಿಯುದ್ದಕ್ಕೂ ಚೌಡೇಶ ಬೈಯುತ್ತಲೇ ಬಂದ. ಸಿದ್ದಾಪುರ ತಲುಪಿದವನಿಗೆ ಮೊದಲು ಕಂಡಿದ್ದು ದೊಡ್ಡ ಹುಣಸೆಮರ. ಅದರ ಬುಡಕ್ಕೆ ಒತ್ತಿ ನಿಂತ ವ್ಯಾನು. ವ್ಯಾನಿನ ಮೇಲೆ ಪ್ಯಾನೆಲ್ಲು. ಪ್ಯಾನೆಲ್ಲಿನ ಮೇಲೆ ನೀಟಾಗಿ ಹೊದಿಸಿದ ಬೆಡ್‌ಶೀಟು. ರಸ್ತೆ ಬದಿಯ ಕಲ್ಲಿನ ಮೇಲೆ ತೊಡೆಯಲ್ಲಿ ಬ್ಯಾಗಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಎರ್ರಮ್ಮ.

"ಏನ್ರೀ ಇದು?" ಚೌಡೇಶನ ದನಿ ಕೀರಲಾಯಿತು.

"ಧೂಳು ಬೀಳುತ್ತಲ್ಲೋ. ದುಡ್ಡು ಕೊಟ್ಟು ತಂದಿದ್ದು."

"ಬಿಸಿಲಿಗೆ ಇಟ್ರೆ ತಾನೇ ಕರೆಂಟು ಬರೋದು! ಮೇಲೆ ಮರ, ಸಾಲ್ದು ಅಂತ ದುಪ್ಪಟಿ ಬೇರೆ! ಇನ್ನೇನು, ಜ್ವರ ಬಂದೈತಾ ಅದಕ್ಕೆ?"

ಈಗ ರಂಗಯ್ಯನಿಗೂ ಸಿಟ್ಟು ಬಂತು. "ಗಾಡಿ ಬಿಸಿಲಿಗೆ ನಿಲ್ಲಿಸ್ಲಾ? ಒಳಗಿರೋದು ರೇಷ್ಮೆ ಕಣೋ, ರಾಗಿ ಮೂಟೆ ಅಲ್ಲ. ಮೂವತ್ತು ವರ್ಷದಿಂದ ನಾನು ಸೀರೆನ ಬಿಸಿಲಿಗೆ ಇಟ್ಟೋನಲ್ಲ. ಬಣ್ಣ ಮಾಸಿದ್ರೆ ಯಾರು ತಗೊಳ್ತಾರೆ? ನೀನು ತಗೊಳ್ತೀಯಾ?"

"ಹಂಗಾದ್ರೆ ಕತ್ತಲಾಗೇ ಕೂತ್ಕೊಳ್ಳಿ!"

"ಕೂತ್ಕೊತೀನಿ! ಕಡ್ಡಿಪೆಟ್ಟಿಗೆ ಎಲ್ಲೈತೆ?"

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಎರ್ರಮ್ಮ ಎದ್ದು ನಿಂತಳು. ಇಬ್ಬರನ್ನೂ ಒಂದು ಸಲ ನೋಡಿದಳು.

"ಎಂಥಾ ಗಂಡಸರಪ್ಪ! ಸಂಡಿಗೆ ಒಣಗ್ಬೇಕು ಅಂದ್ರೆ ಸಂಡಿಗೆನ ಬಿಸಿಲಿಗೆ ಇಡ್ತೀವಿ. ಮನೆನೇ ಬಿಸಿಲಿಗೆ ಹೊತ್ಕೊಂಡು ಹೋಗ್ತೀವಾ? ಲೇ ಚೌಡಾ, ಆ ಹಲಗೆನ ಗಾಡಿಗೆ ಯಾಕೋ ಬಡ್ದೆ? ಕೆಳಗಿಳ್ಸು. ಉದ್ದ ವೈರು ಹಾಕು. ಗಾಡಿ ನೆರಳಲ್ಲಿರ್ಲಿ, ಅದು ಬಿಸಿಲಿಗೆ ಹೋಗ್ಲಿ."

ಚೌಡೇಶ ಹುಣಸೆಮರದ ಕಡೆ ನೋಡಿದ. ವ್ಯಾನು ಎಲ್ಲಿ ನಿಲ್ಲುತ್ತದೆ ಎಂದು ಅವನು ಕೇಳಿಯೇ ಇರಲಿಲ್ಲ. ಕಿವಿ ಬಿಸಿಯಾಯಿತು. ಸ್ಪ್ಯಾನರ್ ತೆಗೆದುಕೊಂಡು ವ್ಯಾನಿನ ಮೇಲೆ ಹತ್ತಿದ.

ಬಸ್ಸು ಬಂತು. ಕಂಡಕ್ಟರ್ ಕೈಯಾಡಿಸಿದ. "ನೀವು ಹೋಗ್ರಿ, ಇಲ್ಲಿ ಕೆಲಸ ಐತೆ," ಎಂದಳು ಎರ್ರಮ್ಮ.

ಬೈಕಿನ ಡಬ್ಬಿಯಲ್ಲಿದ್ದ ದಪ್ಪ ತಂತಿ ಹತ್ತು ಅಡಿಯೂ ಇರಲಿಲ್ಲ. ಚೌಡೇಶ ಮೊಳಕಾಲ್ಮುರಿಗೆ ಹೋಗಿ ಇಪ್ಪತ್ತೈದು ಅಡಿ ತಂದ. ತೆಳ್ಳನೆ ತಂತಿಯಾದರೆ ಕರೆಂಟು ದಾರಿಯಲ್ಲೇ ಸೋರುತ್ತದೆ. ಪ್ಯಾನೆಲ್ಲಿಗೆ ಎರಡು ಕಾಲು ಕಟ್ಟಿ, ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ವಾಲಿಸಿ, ಗಾಳಿಗೆ ಬೀಳದಂತೆ ಕಲ್ಲು ಒತ್ತಿಟ್ಟ. ರಂಗಯ್ಯ ಒದ್ದೆ ಬಟ್ಟೆಯಿಂದ ಗಾಜು ಒರೆಸಿದ. ಕಂಟ್ರೋಲರಿನ ಹಸಿರು ದೀಪ ಮಿಣುಕಿತು.

ಸಂಜೆ ಹೊಲದಿಂದ ಬಂದ ಹೆಂಗಸರು ವ್ಯಾನಿನ ಸುತ್ತ ಸೇರಿದರು. ಎರಡು ಬಲ್ಬಿನ ಬೆಳಕಿನಲ್ಲಿ ಎರ್ರಮ್ಮ ಸೆರಗು ಬಿಡಿಸಿ ಹೆಗಲಿಗೆ ಹಾಕಿಕೊಂಡಳು. ಶಿವಬಸಮ್ಮ ಎಂಬಾಕೆ ಅಂಚು ಮುಟ್ಟಿ ನೋಡಿದಳು. "ಬಣ್ಣ ಹೆಂಗೆ ಕಾಣ್ತೈತೆ ನೋಡ್ರೇ!"

ಎರ್ರಮ್ಮ ಗಂಡನ ಕಡೆ ತಿರುಗಿದಳು. "ಆ ಬ್ಯಾಗು ಒಳಗಿಡ್ರಿ. ದಾರಿಗೆ ಅಡ್ಡ ಐತೆ."

ಗಾಡಿಯಲ್ಲೇ ಬದುಕುವ ಅಣ್ಣಂದಿರೇ, ಅಕ್ಕಂದಿರೇ, ಸೀರೆ ಮಾರುವವರೇ, ಪಾತ್ರೆ ಮಾರುವವರೇ, ಕುರಿ ಹಿಂದೆ ಸುತ್ತುವವರೇ, ಎಷ್ಟು ಸಲ ಹೇಳಬೇಕು? ಮಲಗುವ ಗಾಡಿಯೊಳಗೆ ಬೆಂಕಿ ಹಚ್ಚಬೇಡಿ. ಇಂಜಿನ್ ಬ್ಯಾಟರಿಯನ್ನು ಹಿಂಡಬೇಡಿ. ಮನೆಗೊಂದು ಬೇರೆ ಬ್ಯಾಟರಿ ಇಡಿ, ಅದಕ್ಕೆ ಫ್ಯೂಸು ಹಾಕಿಸಿ. ವೈರು ಜೋಡಿಸುವುದು ಗೊತ್ತಿಲ್ಲದಿದ್ದರೆ ಗೊತ್ತಿರುವವರಿಂದ ಮಾಡಿಸಿ, ನಿಮ್ಮ ಗಾಡಿ ಹಗಲೆಲ್ಲ ಎಲ್ಲಿ ನಿಲ್ಲುತ್ತದೆ ಎಂದು ಅವರಿಗೆ ಮೊದಲೇ ಹೇಳಿ. ನಮ್ಮ ಸೀಮೆಯಲ್ಲಿ ಏನಿಲ್ಲದಿದ್ದರೂ ಬಿಸಿಲಿದೆ. ಅದಕ್ಕೆ ದುಪ್ಪಟಿ ಹೊದಿಸಬೇಡಿ!